ಶಾಲೆ ಮುಚ್ಚಿದ್ದ ದಿನಗಳಲ್ಲಿ ಮಕ್ಕಳನ್ನು ಉಳಿಸಿಕೊಂಡ ಬಗೆ: ಅನುಭವ ತಿಳಿಸಿ

ಕೋರಿಕೆ (ಶಿಕ್ಷಕಿ, ಲಿಂಗಸುಗೂರು ತಾಲ್ಲೂಕು)

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ನೇಮಕಗೊಂಡವಳು. ಕೋವಿಡ್ ಕಾಲದಲ್ಲಿ ನಾನಿನ್ನೂ ಬಿ.ಇಡಿ. ಓದುತ್ತಿದ್ದೆ. ನಮ್ಮ ಶಾಲೆಯ ಹಳೆಯ ದಾಖಲೆಗಳನ್ನು ನೋಡುವಾಗ, 2020–21ರಲ್ಲಿ ಆರನೇ ತರಗತಿಯಲ್ಲಿದ್ದ ಹನ್ನೊಂದು ಮಕ್ಕಳು ಎಂಟನೇ ತರಗತಿಯನ್ನು ಮುಟ್ಟಲೇ ಇಲ್ಲವೆಂಬುದು ತಿಳಿಯಿತು. ಎಲ್ಲರೂ ಕೂಲಿಕಾರರ ಮನೆಯವರು, ಅರ್ಧದಷ್ಟು ಮಂದಿ ದುಡಿಯಲು ಊರು ಬಿಡುವ ಕುಟುಂಬದವರು. ಅಂಥ ಪರಿಸ್ಥಿತಿ ಮತ್ತೆ ಬಂದರೆ ಏನು ಮಾಡಬೇಕೆಂಬ ಯೋಜನೆಯೊಂದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದಿಡಬೇಕೆಂದಿದ್ದೇನೆ. ಆಗ ಕೆಲಸದಲ್ಲಿದ್ದವರು ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂಬುದನ್ನು ತಿಳಿಸಬೇಕಾಗಿ ವಿನಂತಿ.

ಉತ್ತರ (ಶಿಕ್ಷಕ, ಸುರಪುರ ತಾಲ್ಲೂಕು)

ಮೇಡಂ, ಫಲ ಕೊಡದಿದ್ದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನಾವು ಅದರಲ್ಲೇ ಮೂರು ತಿಂಗಳು ಕಳೆದೆವು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ ಮೇಲೆ ವಾಟ್ಸ್‌ಆ್ಯಪ್ ಗುಂಪು ಕಟ್ಟಿ ಪಾಠದ ವಿಡಿಯೊ ಕಳಿಸಿದೆವು. ನನ್ನ ತರಗತಿಯ 34 ಮಕ್ಕಳಲ್ಲಿ ಒಂಬತ್ತು ಮಂದಿಯ ಮನೆಯಲ್ಲಿ ಮಾತ್ರ ಸ್ಮಾರ್ಟ್‌ಫೋನ್ ಇತ್ತು. ಅದೂ ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಹೋಗಿ ರಾತ್ರಿ ಮನೆಗೆ ಬರುತ್ತಿತ್ತು. ಪ್ರೌಢಶಾಲೆಯವರಿಗಾಗಿ ಚಂದನ ವಾಹಿನಿಯಲ್ಲಿ ಬರುತ್ತಿದ್ದ ಸಂವೇದ ಪಾಠಗಳು ಒಳ್ಳೆಯವೇ, ಆದರೆ ಆ ಹೊತ್ತಿಗೆ ಸರಿಯಾಗಿ ಕರೆಂಟು ಇರಬೇಕಲ್ಲ.

ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಫೋನ್ ಇಲ್ಲದವರು, ಸಾದಾ ಫೋನ್ ಇದ್ದವರು, ಸ್ಮಾರ್ಟ್‌ಫೋನ್ ಇದ್ದವರು ಎಂದು ಮಕ್ಕಳನ್ನು ವಿಂಗಡಿಸಿ, ಶಿಕ್ಷಕರೇ ಓಣಿಗಳಿಗೆ ಹೋಗಿ ಗುಡಿಯ ಕಟ್ಟೆಯಲ್ಲೋ ಸಮುದಾಯ ಭವನದಲ್ಲೋ ಪಾಠ ಮಾಡುವ ಏರ್ಪಾಡು ಅದು. ನಾನು ಹನುಮಪ್ಪನ ಗುಡಿಯ ಕಟ್ಟೆಯನ್ನು ಆರಿಸಿಕೊಂಡೆ, ನೆರಳಿತ್ತು, ನೀರಿತ್ತು. ದಲಿತರ ಓಣಿಯ ಏಳು ಮಕ್ಕಳು ಬರಲಿಲ್ಲ. ಎರಡು ವಾರ ಅವರ ಹೆಸರಿನ ಮುಂದೆ ಗೈರು ಎಂದು ಬರೆಯುತ್ತಾ ಹೋದೆ. ಬರಬೇಡಿರೆಂದು ಯಾರೂ ಅಂದಿರಲಿಲ್ಲ, ಬನ್ನಿರೆಂದೂ ಯಾರೂ ಅಂದಿರಲಿಲ್ಲ. ಎರಡೂ ಓಣಿಗಳ ನಡುವಿನ ನೀರಿನ ಟ್ಯಾಂಕಿನ ಬುಡಕ್ಕೆ ತರಗತಿಯನ್ನು ಸ್ಥಳಾಂತರಿಸಿದ ದಿನ ಏಳೂ ಮಕ್ಕಳು ಸ್ಲೇಟು ಹಿಡಿದು ಕುಳಿತಿದ್ದರು. ತಪ್ಪು ನನ್ನದೇ ಆಗಿತ್ತು. ನಿಮ್ಮ ಯೋಜನೆಯಲ್ಲಿ ಜಾಗದ ವಿಷಯವನ್ನು ಪಾಠದ ವಿಷಯಕ್ಕಿಂತ ಮೊದಲು ಬರೆಯಿರಿ.

ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ್ದರಿಂದ ಅಕ್ಟೋಬರ್‌ನಲ್ಲಿ ವಿದ್ಯಾಗಮವನ್ನು ನಿಲ್ಲಿಸಲಾಯಿತು. ಅದು ಶಾಲೆಯ ಆವರಣದಲ್ಲಿ ಮತ್ತೆ ಶುರುವಾದದ್ದು 2021ರ ಜನವರಿಯಲ್ಲಿ. ನಾವು ಮಕ್ಕಳನ್ನು ಕಳೆದುಕೊಂಡದ್ದು ಈ ನಡುವಿನ ತಿಂಗಳುಗಳಲ್ಲಿ, ಏಕೆಂದರೆ ನಮ್ಮ ಕಡೆ ಅದು ಹತ್ತಿ ಬಿಡಿಸುವ ಕಾಲ. ಒಬ್ಬ ತಾಯಿ ನನ್ನನ್ನೇ ಕೇಳಿದರು: "ಸಾಲಿ ಯಾವಾಗ ಚಾಲೂ ಆಗ್ತದ ಹೇಳ್ರಿ ಸರ, ಅಲ್ಲಿತನ ಹತ್ತಿ ಬಿಡಸ್ಲಿಕ್ಕ ಹೋಗ್ತಾಳ." ನನ್ನ ಬಳಿ ಉತ್ತರವಿರಲಿಲ್ಲ.

ಕೈಹಿಡಿದದ್ದು ಬಿಸಿಯೂಟದ ಬದಲಿಗೆ ಕೊಡುತ್ತಿದ್ದ ಧಾನ್ಯ. ಒಂದರಿಂದ ಐದನೇ ತರಗತಿಯವರಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟರವರಿಗೆ 150 ಗ್ರಾಂ ಎಂಬ ಲೆಕ್ಕದಲ್ಲಿ ಕೆಲವು ವಾರಗಳದ್ದು ಒಟ್ಟಿಗೆ ಸೇರಿದಾಗ ಬಡವರ ಮನೆಗೆ ಅದು ಸಣ್ಣದೇನಲ್ಲ. ಮೊದಲ ಸಲ ಪಾಲಕರ ಸಹಿ ಪಡೆದು ಚೀಲ ಕೊಟ್ಟು ಕಳಿಸಿಬಿಟ್ಟೆವು. ಎರಡನೇ ಸಲದಿಂದ ಮಗುವೂ ಜೊತೆಗೆ ಬರಲಿ ಎಂದು ಹೇಳಿಕಳಿಸಿ, ಓಣಿಗೊಂದು ದಿನ ಗೊತ್ತುಮಾಡಿ, ಪ್ರತಿ ಮಗುವಿನ ನೋಟ್‌ಬುಕ್ಕನ್ನು ಹತ್ತು ನಿಮಿಷ ನೋಡಿ ಮುಂದಿನ ಅಭ್ಯಾಸದ ಹಾಳೆ ಕೊಡತೊಡಗಿದೆವು. ಮಗು ಬರದಿದ್ದರೂ ಧಾನ್ಯವನ್ನು ತಡೆಹಿಡಿಯಲಿಲ್ಲ, ಅದು ಅವರ ಹಕ್ಕು. ಮರುದಿನ ನಾವೇ ಆ ಮನೆಗೆ ಹೋದೆವು. ಹಾಜರಿ ಪುಸ್ತಕದಲ್ಲಿ ನಾನೇ ಒಂದು ಕಲಂ ಎಳೆದುಕೊಂಡಿದ್ದೆ: ಮಗುವನ್ನು ಕಣ್ಣಾರೆ ಕಂಡ ಕೊನೆಯ ದಿನಾಂಕ. ಪರೀಕ್ಷೆಯಿಲ್ಲದೆ ಎಲ್ಲರೂ ತೇರ್ಗಡೆಯಾಗುತ್ತಿದ್ದ ಆ ಕಾಲದಲ್ಲಿ ಹೆಸರು ಮುಂದಿನ ತರಗತಿಗೆ ತಾನಾಗಿಯೇ ಹತ್ತುತ್ತಿತ್ತು, ಮಗು ಮಾತ್ರ ಹೊಲದಲ್ಲಿರುತ್ತಿತ್ತು; ಆ ಒಂದು ಕಲಂ ಇಲ್ಲದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಹಾಗೆ ಹೋದ ಒಂದು ಮನೆಯಲ್ಲಿ ಏಳನೇ ತರಗತಿಯ ಹುಡುಗಿಗೆ ಗಂಡು ಗೊತ್ತಾಗಿತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆವು, ಮದುವೆ ನಿಂತಿತು. ಆದರೆ ನಿಲ್ಲಿಸಿದ ಮೇಲಿನ ತಿಂಗಳುಗಳೇ ಕಷ್ಟದವು. ಮನೆಯವರು ನಮ್ಮೊಡನೆ ಮಾತು ಬಿಟ್ಟರು, ಅಂಗನವಾಡಿ ಕಾರ್ಯಕರ್ತೆ ಇಲ್ಲದಿದ್ದರೆ ಆ ಮಗು ಶಾಲೆಗೆ ಮರಳುತ್ತಿರಲಿಲ್ಲ. ಇಷ್ಟೆಲ್ಲ ಮಾಡಿಯೂ ನಾಲ್ವರು ಕೈತಪ್ಪಿದರು.

ಉತ್ತರ (ಗ್ರಂಥಾಲಯ ಮೇಲ್ವಿಚಾರಕಿ, ಅರಕಲಗೂಡು ತಾಲ್ಲೂಕು)

ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಮರೆಯಬೇಡಿ. 2020ರ ನವೆಂಬರ್‌ನಲ್ಲಿ ಓದುವ ಬೆಳಕು ಕಾರ್ಯಕ್ರಮ ಆರಂಭವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟೆವು. ಕಾರ್ಡಿನ ಮೇಲೆ ತಮ್ಮ ಹೆಸರು ಕಂಡು ಮಕ್ಕಳಿಗಾದ ಖುಷಿ ಅಷ್ಟಿಷ್ಟಲ್ಲ. ಪಠ್ಯಪುಸ್ತಕವನ್ನು ಮುಟ್ಟದಿದ್ದವರೂ ಕಥೆ ಪುಸ್ತಕ ಒಯ್ಯುತ್ತಿದ್ದರು. ಮರಳಿ ಬಂದ ಪುಸ್ತಕಗಳ ಮೇಲೆ ಸಾರಿನ ಕಲೆ ಇರುತ್ತಿತ್ತು, ಕೆಲವಕ್ಕೆ ರಟ್ಟೇ ಇರುತ್ತಿರಲಿಲ್ಲ. ದಂಡ ಹಾಕಿದ್ದರೆ ಮೊದಲು ಬಿಡುತ್ತಿದ್ದವರು ಬಡ ಮಕ್ಕಳೇ. ಯಾವ ಮಗು ಎರಡು ವಾರ ಬರಲಿಲ್ಲವೆಂಬುದನ್ನು ಶನಿವಾರ ಶಾಲೆಯ ಮುಖ್ಯೋಪಾಧ್ಯಾಯರಿಗೆ ಫೋನಿನಲ್ಲಿ ತಿಳಿಸುತ್ತಿದ್ದೆ. ಅದಕ್ಕೆ ಯಾರ ಆದೇಶವೂ ಬೇಕಾಗಲಿಲ್ಲ.

ಉತ್ತರ (ಮುಖ್ಯೋಪಾಧ್ಯಾಯಿನಿ, ಬೆಂಗಳೂರು)

ನಿಮ್ಮ ಹನ್ನೊಂದು ಮಕ್ಕಳಲ್ಲಿ ಒಬ್ಬಿಬ್ಬರು ನಮ್ಮ ಕಡೆಯ ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಇದ್ದಿದ್ದರೂ ಇರಬಹುದು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕುಟುಂಬಗಳು ಲಾಕ್‌ಡೌನ್‌ನಲ್ಲಿ ಊರಿಗೆ ಹೋಗಿ, ಸಡಿಲಿಕೆಯಾದಾಗ ಮಕ್ಕಳೊಡನೆ ಮರಳಿದವು. ವರ್ಗಾವಣೆ ಪತ್ರವಿಲ್ಲವೆಂದು ಅಂಥ ಮಕ್ಕಳನ್ನು ಗೇಟಿನಿಂದಲೇ ಕಳಿಸಿದ ಶಾಲೆಗಳಿದ್ದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅದು ತಪ್ಪು: ಆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ಕೆಲಸ ಕಳೆದುಕೊಂಡು ಶುಲ್ಕ ಕಟ್ಟಲಾಗದೆ ಖಾಸಗಿ ಶಾಲೆಯಿಂದ ನಮ್ಮಲ್ಲಿಗೆ ಬಂದವರಿಗೂ ಇದೇ ನಿಯಮವನ್ನು ತೋರಿಸಿ ಸೇರಿಸಿಕೊಂಡೆವು.

ನೀವು ಅಲ್ಲಿಂದಲೇ ಮಾಡಬಹುದಾದ ಕೆಲಸವೊಂದಿದೆ. ಕುಟುಂಬ ಗಂಟುಮೂಟೆ ಕಟ್ಟುವ ಮೊದಲು ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು (ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಲ್ಲಿ ಮಗುವಿಗಿರುವ ಗುರುತಿನ ಸಂಖ್ಯೆ) ನೋಟ್‌ಬುಕ್ಕಿನ ರಟ್ಟಿನ ಒಳಗೆ ಬರೆದುಕೊಡಿ. ಅದಿದ್ದರೆ ಇಲ್ಲಿ ದಾಖಲೆ ಹುಡುಕುವುದು ಸುಲಭ. ಕರೆದೊಯ್ಯುವ ಮೇಸ್ತ್ರಿಯ ಫೋನ್ ನಂಬರನ್ನು ನೀವು ಬರೆದಿಟ್ಟುಕೊಳ್ಳಿ. ಅಪ್ಪಂದಿರ ನಂಬರು ರೀಚಾರ್ಜ್ ಇಲ್ಲದೆ ಬದಲಾಗುತ್ತಿರುತ್ತದೆ, ಮೇಸ್ತ್ರಿಯದ್ದು ಬದಲಾಗುವುದು ಕಡಿಮೆ.

ಮರುಕೋರಿಕೆ (ಶಿಕ್ಷಕಿ, ಲಿಂಗಸುಗೂರು ತಾಲ್ಲೂಕು)

ಎಲ್ಲರಿಗೂ ಧನ್ಯವಾದಗಳು. ಮೇಸ್ತ್ರಿಯ ನಂಬರಿನ ವಿಷಯ ನಮಗೆ ಹೊಳೆದಿರಲೇ ಇಲ್ಲ. ಹನ್ನೊಂದರಲ್ಲಿ ಮೂವರು ಈಗ ಊರಿನಲ್ಲೇ ಇದ್ದಾರೆ, ಆದರೆ 14 ವರ್ಷ ದಾಟಿದೆ. ಅವರಿಗೆ ಏನಾದರೂ ದಾರಿಯಿದೆಯೇ?

ಉತ್ತರ (ಮುಖ್ಯೋಪಾಧ್ಯಾಯಿನಿ, ಬೆಂಗಳೂರು)

ಇದೆ. ಖಾಸಗಿ ಅಭ್ಯರ್ಥಿಗಳಾಗಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಬಹುದು. ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ನೋಂದಣಿಯ ದಿನಾಂಕ ವಿಚಾರಿಸಿ, ಮೂವರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ. ಒಬ್ಬೊಬ್ಬರನ್ನೇ ಕಳಿಸಿದರೆ ಗೇಟಿನಿಂದಲೇ ಮರಳಿಬಿಡುತ್ತಾರೆ.