ಹಣೆಬರಹದ ಮಾತು ಪರೀಕ್ಷೆಗೆ ಮುಂಚೆ ಬೇಡ

ಚಿಕ್ಕಪ್ಪ, ನಮ್ಮ ಹುಡುಗಿಯ ಓದಿನ ಬಗ್ಗೆ ಬೆಳಿಗ್ಗೆ ನೀವು ಮನೆಯ ಗ್ರೂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. "ಅವಳ ಹಣೆಯಲ್ಲಿ ಸೈನ್ಸ್ ಬರೆದಿದ್ದರೆ ತಾನಾಗೇ ಬರುತ್ತದೆ, ಇಲ್ಲದಿದ್ದರೆ ನಾವು ತಲೆಕೆಳಗಾಗಿ ನಿಂತರೂ ಬರಲ್ಲ" ಅಂದಿದ್ದೀರಿ. ಅಕ್ಕರೆಯಿಂದಲೇ ಹೇಳಿದ್ದು, ಗೊತ್ತು. ಆದರೆ ತನ್ನ ಅಮ್ಮನ ಫೋನಿನಲ್ಲಿ ಅವಳೂ ಈ ಗ್ರೂಪ್ ಓದುತ್ತಾಳೆ. ಇದನ್ನೂ ಓದಲಿ ಅಂತಲೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೊನ್ನೆ ಅವಳಿಗೆ ವರ್ಗ ಸಮೀಕರಣದ ಲೆಕ್ಕ ಮಾಡಿಸುತ್ತಿದ್ದೆ. ಮೊದಲ ಮೂರು ಸಾಲು ಸರಿಯಾಗಿಯೇ ಇತ್ತು. ನಾಲ್ಕನೇ ಸಾಲಲ್ಲಿ ಒಂದು ಮೈನಸ್ ಬಿಟ್ಟುಹೋಗಿತ್ತು, ಅಷ್ಟೇ. ಉತ್ತರ ತಾಳೆ ಆಗಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, "ನನಗೆ ಮ್ಯಾಥ್ಸ್ ಬರೆದಿಲ್ಲ ಬಿಡಿ" ಅಂದಳು. ತಪ್ಪು ಎಲ್ಲಿದೆ ಅಂತ ನೋಡಲೂ ಇಲ್ಲ. ಯಾಕೆ ನೋಡಬೇಕು, ಕಾರಣ ಆಗಲೇ ಸಿಕ್ಕಿದೆಯಲ್ಲ! ಆ ಮಾತು ಅವಳಿಗೆ ಸಿಕ್ಕಿದ್ದು ನಮ್ಮ ಬಾಯಿಂದಲೇ.

ಆ ವಯಸ್ಸಿಗೆ ಅದು ಅನುಕೂಲದ ಮಾತು ಕೂಡ. ಓದಿ ಫೇಲಾದರೆ ದಡ್ಡಿ ಅನ್ನಿಸಿಕೊಳ್ಳಬೇಕು, ಓದದೆ ಫೇಲಾದರೆ ಹಣೆಬರಹ ಅಂದರಾಯಿತು, ಮರ್ಯಾದೆ ಉಳಿಯುತ್ತದೆ. ನಾನೂ ಆ ವಯಸ್ಸಲ್ಲಿ ಹೀಗೇ ತಪ್ಪಿಸಿಕೊಂಡಿದ್ದೇನೆ, ಇರಲಿ.

ಬಿ.ಎಡ್. ಮಾಡುವಾಗ ಓದಿದ್ದು ನೆನಪಾಗುತ್ತಿದೆ. 1966ರಲ್ಲಿ ಅಮೆರಿಕದಲ್ಲಿ ಕೋಲ್ಮನ್ ವರದಿ ಅಂತ ಬಂತು. ಲಕ್ಷಾಂತರ ಶಾಲಾ ಮಕ್ಕಳನ್ನು ಕೇಳಿ ಮಾಡಿದ್ದು. ಕಪ್ಪು ಜನರ ಮಕ್ಕಳಲ್ಲಿ, "ನನ್ನ ಬದುಕು ನನ್ನ ಕೈಯಲ್ಲಿದೆ" ಅನ್ನುವ ನಂಬಿಕೆಗೂ ಕಲಿಕೆಗೂ ಇದ್ದ ನಂಟು, ಶಾಲೆಯ ಲ್ಯಾಬು ಲೈಬ್ರರಿಗೂ ಕಲಿಕೆಗೂ ಇದ್ದ ನಂಟಿಗಿಂತ ಗಟ್ಟಿ ಇತ್ತು. ನಂಬಿಕೆ ಮೊದಲೋ ಮಾರ್ಕ್ಸ್ ಮೊದಲೋ ಅಂತ ಅದರಿಂದ ಹೇಳೋಕಾಗಲ್ಲ. ಎಲ್ಲ ಬಾಗಿಲೂ ಮುಚ್ಚಿದ್ದ ಮನೆಯ ಮಗು "ನನ್ನ ಕೈಯಲ್ಲಿ ಏನಿದೆ" ಅಂದುಕೊಂಡರೆ ಅದನ್ನು ಸೋಮಾರಿತನ ಅನ್ನೋದೂ ತಪ್ಪು. ದುಡ್ಡು, ಮೇಷ್ಟ್ರು, ಓದಲು ಒಂದು ಮೂಲೆ, ಇವೆಲ್ಲ ಅದೃಷ್ಟವೇ. ಹಾಗಾಗಿ "ಕಷ್ಟಪಟ್ಟರೆ ಎಲ್ಲ ಆಗುತ್ತೆ" ಅಂತ ನಾನು ಸುಳ್ಳು ಹೇಳಲ್ಲ. 2019ರಲ್ಲಿ ಅಲ್ಲಿನದೇ ಇನ್ನೊಂದು ಅಧ್ಯಯನ ಬಂತು. ಒಂಬತ್ತನೇ ತರಗತಿಯ ಸುಮಾರು 12,000 ಮಕ್ಕಳದ್ದು. ಬುದ್ಧಿ ಬೆಳೆಸಿಕೊಳ್ಳಬಹುದು ಅಂತ ಒಂದು ಗಂಟೆಗಿಂತ ಕಡಿಮೆ ಹೊತ್ತಿನ ಪಾಠ ಮಾಡಿದ್ದಕ್ಕೆ ಹಿಂದುಳಿದ ಮಕ್ಕಳ ಗ್ರೇಡು ಸ್ವಲ್ಪ ಏರಿತು. ಸ್ವಲ್ಪವೇ. ಬರೀ ಮಾತಿಗೆ ಅಷ್ಟಾದರೂ ಆಯಿತಲ್ಲ.

ಹಣೆಬರಹದ ಮಾತು ಎಲ್ಲೂ ಬೇಡ ಅಂತಲ್ಲ. ರಿಸಲ್ಟ್ ಬಂದು ಮಗು ಮುಖ ಮುಚ್ಚಿಕೊಂಡು ಅಳುವಾಗ "ಹೋಗಲಿ ಬಿಡು, ಇದು ನಿನ್ನ ಪಾಲಿಗಿರಲಿಲ್ಲ" ಅಂದರೆ ಉಸಿರು ಹಗುರಾಗುತ್ತದೆ. ಅದನ್ನೇ ಪುಸ್ತಕ ತೆರೆಯುವ ಮುಂಚೆ ಹೇಳಿಬಿಟ್ಟರೆ? ತೆರೆಯೋದೇ ಇಲ್ಲ.

ಹಾಂ, ಅವಳ ಅಣ್ಣನಿಗೆ "ಡಾಕ್ಟರ್ ಆಗೋಕೇ ಹುಟ್ಟಿದವನು" ಅಂತೀವಲ್ಲ, ಅದೂ ಇದೇ ಮಾತು, ಬಣ್ಣ ಬೇರೆ. ಪಾಪ, ಅವನು ಕ್ಲಾಸಲ್ಲಿ ಡೌಟ್ ಕೇಳೋಕೆ ಹೆದರುತ್ತಾನೆ. ಹುಟ್ಟಿನಿಂದಲೇ ಬಂದದ್ದಾದರೆ ಅರ್ಥ ಆಗಲಿಲ್ಲ ಅಂತ ಹೇಗೆ ಹೇಳೋದು?

ಅವತ್ತು ಮುಚ್ಚಳ ತೆಗೆಸಿ, ಸಾಲು ಸಾಲಾಗಿ ಬೆರಳಿಟ್ಟು ನೋಡು ಅಂದೆ. ಹತ್ತು ನಿಮಿಷ ಹಿಡಿಯಿತು, ಮೈನಸ್ ಅವಳೇ ಹಿಡಿದಳು. ಇವತ್ತು ಸಂಜೆ ಫೋನ್ ಮಾಡಿ ಚಿಕ್ಕಪ್ಪ, ಆ ಲೆಕ್ಕ ಹೇಗೆ ಬಂತು ಅಂತ ಅವಳನ್ನೇ ಕೇಳಿ. ನಾನು ಹೇಳಿದೆ ಅನ್ನಬೇಡಿ. ಅಯ್ಯೋ, ಇಲ್ಲೇ ಬರೆದುಬಿಟ್ಟೆನಲ್ಲ.