11 ತಿಂಗಳಾದರೂ ಅಂಬೆಗಾಲಿಲ್ಲ, ವಾಕರ್ ತರಬೇಕಾ?

ಪ್ರಶ್ನೆ (ಬದಿಯಡ್ಕದಿಂದ):
ಡಾಕ್ಟ್ರೇ, ಮಗಳಿಗೆ 11 ತಿಂಗಳು. ಚೆನ್ನಾಗಿ ಕೂರುತ್ತಾಳೆ, ಜಗಲಿಯಿಂದ ಅಡಿಗೆ ಕೋಣೆವರೆಗೂ ಕೂತುಕೊಂಡೇ ಜರಗುತ್ತಾ ಬರುತ್ತಾಳೆ, ಅಂಬೆಗಾಲು ಮಾತ್ರ ಇಲ್ಲವೇ ಇಲ್ಲ. ಅತ್ತೆ "ನಮ್ಮ ಮಕ್ಕಳೆಲ್ಲ ವರ್ಷ ತುಂಬುವ ಮೊದಲೇ ನಡೆದಿದ್ದವು, ಎಣ್ಣೆ ತಿಕ್ಕಿ ಮೀಯಿಸುವುದು ಸಾಲದು" ಅಂತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿರುವ ನಾದಿನಿ "ಸುಮ್ನೆ ಬಿಡಿ ಅತ್ತಿಗೆ" ಅಂತಾಳೆ. ಯಾರ ಮಾತು ಕೇಳಲಿ? ವಾಕರ್ ತರೋಣವಾ?

ಉತ್ತರ (ಮಕ್ಕಳ ಡಾಕ್ಟರ್):
ವಾಕರ್ ಬೇಡವೇ ಬೇಡ. ಅದರಿಂದ ಬೇಗ ನಡೆಯುವುದಿಲ್ಲ, ಮೆಟ್ಟಿಲಿಂದ ಉರುಳುವ ಭಯ ಬೇರೆ. ಕೆನಡಾದಲ್ಲಿ 2004ರಿಂದ ಅದರ ಮಾರಾಟವೇ ನಿಷೇಧ.

ಅತ್ತೆ ಹೇಳುವುದು ಸುಳ್ಳಲ್ಲ, ಅಭ್ಯಾಸ ಮಾಡಿಸಿದರೆ ಮಕ್ಕಳು ಸ್ವಲ್ಪ ಬೇಗ ಕಲಿಯುವುದುಂಟು. ಕೀನ್ಯಾದ ಕಿಪ್ಸಿಗಿಸ್ ಜನರಲ್ಲಿ ಕೂರುವುದು, ನಡೆಯುವುದನ್ನು ಮಕ್ಕಳಿಗೆ ಕಲಿಸಲೇಬೇಕು ಅಂತ ನಂಬಿಕೆ ಇತ್ತು. ನೆಲದಲ್ಲಿ ಸಣ್ಣ ಗುಂಡಿ ಮಾಡಿ, ಬೆನ್ನಿಗೆ ಆಧಾರ ಸಿಗುವ ಹಾಗೆ ಮಗುವನ್ನು ಕೂರಿಸುತ್ತಿದ್ದರು. 1970ರ ದಶಕದಲ್ಲಿ ಚಾರ್ಲ್ಸ್ ಸೂಪರ್ ಎಂಬ ಸಂಶೋಧಕರು ನೋಡಿದಾಗ ಆ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮೊದಲೇ ಕೂತು, ನಡೆದಿದ್ದರು. ಅಂಬೆಗಾಲಲ್ಲಿ ಮಾತ್ರ ಮುಂದಿರಲಿಲ್ಲ, ಅದನ್ನು ಯಾರೂ ಹಾಗೆ ಕಲಿಸಿರಲಿಲ್ಲವಲ್ಲ! ಇನ್ನು ದಕ್ಷಿಣ ಅಮೆರಿಕದ ಪರಾಗ್ವೆಯಲ್ಲಿ 'ಆಚೆ' (Aché) ಎಂಬ ಬುಡಕಟ್ಟಿನವರು ಕಾಡಿನಲ್ಲಿದ್ದಾಗ ಮಕ್ಕಳನ್ನು ಕೆಳಗೆ ಬಿಡುತ್ತಿದ್ದುದೇ ಕಡಿಮೆ, ಅಲ್ಲಿ ನಡಿಗೆ ಎರಡು ವರ್ಷದ ಹತ್ತಿರ ಆಗುತ್ತಿತ್ತು. ದೊಡ್ಡವರಾದ ಮೇಲೆ ಅದೇ ಮಕ್ಕಳು ಮರ ಹತ್ತುತ್ತಿದ್ದರು. ನೆದರ್‌ಲ್ಯಾಂಡ್ಸ್‌ನ ಡಚ್ಚರಿಗೆ ಮಗುವಿನ ವಿಶ್ರಾಂತಿ, ಕ್ರಮವಾದ ದಿನಚರಿ ಮುಖ್ಯ, ಹಾಗಾಗಿ ನಾದಿನಿಗೆ ಅವಸರ ಕಾಣದಿದ್ದರೆ ಆಶ್ಚರ್ಯವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಭಾರತದ ಮಕ್ಕಳೂ ಇದ್ದರು. ಅದರ ಪ್ರಕಾರ 8ರಿಂದ ಹದಿನೇಳೂವರೆ ತಿಂಗಳೊಳಗೆ ಯಾವಾಗ ನಡೆದರೂ ಸರಿಯೇ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಕೂತು ಜರಗುವ ಮಕ್ಕಳು ನಡೆಯುವುದು ಸ್ವಲ್ಪ ತಡ, ಅಷ್ಟೇ. ಸೊಂಟದ ಮೇಲೆ ಹೊರುವುದು ಕಡಿಮೆ ಮಾಡಿ, ಬರಿಗಾಲಲ್ಲಿ ನೆಲಕ್ಕೆ ಬಿಡಿ, ನುಣುಪು ನೆಲಕ್ಕೆ ಸಾಕ್ಸ್ ಬೇಡ. ಬೆಂಚು ಹಿಡಿದು ನಿಲ್ಲಲಿ. ಅತ್ತೆಯ ಎಣ್ಣೆಯೂ ಇರಲಿ, ಮೂಗು ಕಿವಿಗೆ ಬಿಡಬೇಡಿ. 18 ತಿಂಗಳಿಗೂ ನಡೆಯದಿದ್ದರೆ ಕರೆದುಕೊಂಡು ಬನ್ನಿ.

ಇನ್ನೊಬ್ಬರು (ಉಪ್ಪಳ):
ಸರ್, ನಮ್ಮವನು 10 ತಿಂಗಳು, ಅಂಬೆಗಾಲಲ್ಲಿ ಬಲಗಾಲು ಎಳೆಯುತ್ತಾನೆ, ಬಲಗೈಯಲ್ಲಿ ಏನೂ ಹಿಡಿಯುವುದಿಲ್ಲ. ಕಾಯಬಹುದಾ?

ಉತ್ತರ:
ಇಲ್ಲ ಮಾರಾಯ್ರೆ, ಇದು ಬೇರೆ ವಿಷಯ. ಒಂದೇ ಬದಿ ಉಪಯೋಗಿಸುವುದು, ಮೈ ತೀರಾ ಬಿಗಿ ಅಥವಾ ಸಡಿಲ ಇರುವುದು, ಕಲಿತದ್ದು ಮರೆಯುವುದು, ಇದ್ಯಾವುದಕ್ಕೂ ಕಾಯಬಾರದು. ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ, ಅವನು ಆಡುವ ವಿಡಿಯೋ ಮೊಬೈಲಲ್ಲಿ ತೆಗೆದಿಟ್ಟುಕೊಳ್ಳಿ.