ಸಹಾಯ ಬೇಕು: ದುಡ್ಡು ಬಂತು ಅಂತ ಯಾವಾಗ ನಂಬಬೇಕು?

ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಆರ್ಡರ್ ವಾಟ್ಸಾಪ್‌ನಲ್ಲಿ, ದುಡ್ಡು ಯುಪಿಐನಲ್ಲಿ.

ಹೋದ ತಿಂಗಳು ಒಬ್ಬರು ಹಣ ಕಳಿಸಿದ ಸ್ಕ್ರೀನ್‌ಶಾಟ್ ಹಾಕಿದರು. ಹಸಿರು ಟಿಕ್, ನನ್ನ ಹೆಸರು, 1,350 ರೂಪಾಯಿ, ಎಲ್ಲ ಸರಿ ಇತ್ತು. ಮೂರು ಭರಣಿ ಕೊರಿಯರ್‌ಗೆ ಕೊಟ್ಟೆ. ಸಂಜೆ ಖಾತೆ ನೋಡಿದರೆ ಒಂದು ರೂಪಾಯಿಯೂ ಬಂದಿರಲಿಲ್ಲ. ಅವರ ಫೋನ್ ಸ್ವಿಚ್ ಆಫ್. ಮರ ಹತ್ತಿ, ತೊಟ್ಟು ಮುರಿಯದ ಹಾಗೆ ಒಂದೊಂದಾಗಿ ಕೊಯ್ದ ಮಿಡಿ ಅದು. ತುಂಬಾ ಬೇಜಾರಾಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ.

ಆಮೇಲೆ ಪೇಮೆಂಟ್ ಗೇಟ್‌ವೇ (ಗ್ರಾಹಕರಿಂದ ಆನ್‌ಲೈನ್‌ನಲ್ಲಿ ದುಡ್ಡು ಪಡೆದು ನಮ್ಮ ಖಾತೆಗೆ ಹಾಕುವ ಸೇವೆ) ತೆಗೆದುಕೊಂಡು, ದುಡ್ಡು ಕಟ್ಟುವ ಲಿಂಕ್ ಕಳಿಸಲು ಶುರು ಮಾಡಿದೆ. ಗ್ರಾಹಕರೊಬ್ಬರು ಕಾರ್ಡಿನ ಫೋಟೋನೇ ಕಳಿಸಿಬಿಟ್ಟರು, ಹಿಂದಿನ ಗುಟ್ಟಿನ ಅಂಕಿ ಸಿವಿವಿ ಸಮೇತ! ತಕ್ಷಣ ಅಳಿಸಿ, ಲಿಂಕ್‌ನಲ್ಲೇ ಕಟ್ಟಿ ಅಂದೆ. ಕಾರ್ಡ್ ನಂಬರ್ ನಮ್ಮಂಥ ಮಾರಾಟಗಾರರು ಇಟ್ಟುಕೊಳ್ಳುವ ಹಾಗಿಲ್ಲ ಅಲ್ವಾ, 2022ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮ ಅದೇ.

ಈಗ ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಗೇಟ್‌ವೇಯ ಡ್ಯಾಶ್‌ಬೋರ್ಡಿನಲ್ಲಿ ಕೆಲವು ಆರ್ಡರ್ ಮುಂದೆ ‘ಆಥರೈಸ್ಡ್’ (ಗ್ರಾಹಕರ ಬ್ಯಾಂಕ್ ಒಪ್ಪಿದೆ, ದುಡ್ಡು ಇನ್ನೂ ಪಡೆದಿಲ್ಲ), ಕೆಲವುದರ ಮುಂದೆ ‘ಕ್ಯಾಪ್ಚರ್ಡ್’ (ಗೇಟ್‌ವೇ ದುಡ್ಡು ಪಡೆದಿದೆ) ಅಂತ ಬರುತ್ತದೆ. ನನ್ನ ಬ್ಯಾಂಕಿಗೆ ದುಡ್ಡು ಸೇರುವುದು ಇನ್ನೂ ಎರಡು ಮೂರು ದಿನ ತಡ. ಆಥರೈಸ್ಡ್ ಆಗಿದ್ದ ಒಂದು ಆರ್ಡರಿನ ದುಡ್ಡು ಗ್ರಾಹಕರಿಗೇ ವಾಪಸ್ ಹೋಯಿತು. ಪುಣ್ಯಕ್ಕೆ ಭರಣಿ ಇನ್ನೂ ಮನೆಯಲ್ಲೇ ಇತ್ತು. ಗೇಟ್‌ವೇಯವರಿಗೆ ಮೂರು ಸಲ ಮೇಲ್ ಹಾಕಿದೆ, ಪ್ರತಿ ಸಲ ಅದೇ ರೆಡಿಮೇಡ್ ಉತ್ತರ.

ಗೊತ್ತಿದ್ದವರು ದಯವಿಟ್ಟು ಹೇಳಿ: ‘ಕ್ಯಾಪ್ಚರ್ಡ್’ ಅಂತ ಕಂಡ ಕೂಡಲೇ ಮಾಲು ಕಳಿಸಬಹುದಾ, ಬ್ಯಾಂಕಿಗೆ ಜಮೆ ಆಗುವವರೆಗೂ ಕಾಯಬೇಕಾ? ಕ್ಯಾಪ್ಚರ್ ತಾನಾಗಿಯೇ ಆಗುವ ಹಾಗೆ ಸೆಟ್ ಮಾಡಲು ಬರುತ್ತದಾ?